ಗ್ರೀನ್ ಕಾರ್ಡ್ ವರ, ಧಾರೆಯ ದಿನಾಂಕ

ವಧು-ವರರ ಅಂಕಣದಲ್ಲಿ ‘ಗ್ರೀನ್ ಕಾರ್ಡ್ ಇದೆ’ ಎಂಬ ಮಾತಿಗಿರುವ ತೂಕ ಹುಡುಗನ ಓದಿಗೂ ಇಲ್ಲ, ಗೋತ್ರಕ್ಕೂ ಇಲ್ಲ. ಕೆಲಸದ ವೀಸಾದಲ್ಲಿರುವ ಎಚ್-1ಬಿ ಹುಡುಗ, ಕಾಯಂ ವಾಸದ ಗ್ರೀನ್ ಕಾರ್ಡ್ ಹುಡುಗ, ಸಿಟಿಜನ್ ಹುಡುಗ ಎಂದು ನಮ್ಮ ಮನೆಗಳಲ್ಲಿ ಮೂರು ಮೆಟ್ಟಿಲು ಕಟ್ಟಿಟ್ಟಿದ್ದೇವೆ. ಮೇಲಿನ ಮೆಟ್ಟಿಲಿನವನ ಕೈ ಹಿಡಿದಷ್ಟೂ ಹುಡುಗಿ ಬೇಗ ಅಮೆರಿಕದ ವಿಮಾನ ಹತ್ತುತ್ತಾಳೆ ಎಂಬುದು ಹಿರಿಯರ ಲೆಕ್ಕ.

ಲೆಕ್ಕ ನಡುವಿನ ಮೆಟ್ಟಿಲಲ್ಲೇ ಜಾರುತ್ತದೆ. ಎಚ್-1ಬಿ ಮೇಲಿರುವವನ ಹೆಂಡತಿಗೆ ಎಚ್-4 ಎಂಬ ಅವಲಂಬಿತರ ವೀಸಾ ಉಂಟು. ವೀಸಾ ಸ್ಟಾಂಪಿಂಗ್‌ಗೆ ದಿನ ಸಿಕ್ಕಿತೆಂದರೆ ಕೆಲವು ತಿಂಗಳಲ್ಲಿ ಗಂಡನ ಜೊತೆ ಸೇರಬಹುದು. ಸಿಟಿಜನ್ ಆದವನ ಹೆಂಡತಿಯನ್ನು ಅಲ್ಲಿನ ಕಾನೂನು ಅತಿ ಹತ್ತಿರದ ಸಂಬಂಧಿಯೆಂದು ಎಣಿಸುತ್ತದೆ. ವರ್ಷಕ್ಕೆ ಇಷ್ಟೇ ಜನ ಎಂಬ ಮಿತಿ ಅವಳಿಗಿಲ್ಲ. ಕಾಗದಪತ್ರ ಸಾಗುವುದಕ್ಕೆ ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ, ಅಷ್ಟೇ. ಗ್ರೀನ್ ಕಾರ್ಡ್ ಹುಡುಗನ ಹೆಂಡತಿಗೆ ಎಚ್-4 ಇಲ್ಲ, ಮಿತಿ ಇದೆ, ಮಿತಿಯ ಹಿಂದೆ ಸಾಲೂ ಇದೆ. ಎಫ್2ಎ ಎಂದು ಕರೆಯುವ ಈ ಸಾಲು 2019ರ ಜುಲೈನಿಂದ ಮೂರೂವರೆ ವರ್ಷಕ್ಕೂ ಮಿಕ್ಕಿ ಇಲ್ಲವೇ ಇಲ್ಲ ಎನ್ನುವಂತಾಗಿತ್ತು. 2023ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಗಿ ವರ್ಷಗಟ್ಟಲೆ ಕಾಯುವಷ್ಟು ಬೆಳೆಯಿತು. ಮೂವರಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲು ಅತಿ ಹೆಚ್ಚು ಕಾಯಬೇಕಾದವನು ಜಾಹೀರಾತಿನಲ್ಲಿ ಕಾರ್ಡ್ ಬರೆಸಿಕೊಂಡ ಆ ಹುಡುಗನೇ.

ಕಾಯುವ ದಿನಗಳಲ್ಲಿ ಅವನು ಪೌರತ್ವ ಪಡೆದರೆ ಹೆಂಡತಿಯ ಅರ್ಜಿ ತಾನಾಗಿ ಸಾಲಿಲ್ಲದ ವರ್ಗಕ್ಕೆ ಏರುತ್ತದೆ, ಹೊಸದಾಗಿ ಫೈಲ್ ಮಾಡಬೇಕಿಲ್ಲ. ಇನ್ನು, ‘ಭಾರತದವರೆಂದರೆ ನೂರು ವರ್ಷ ಕಾಯಬೇಕು’ ಎಂದು ಹೆದರಿಸುವವರು ಉದ್ಯೋಗದ ಸಾಲನ್ನು ಗಂಡ-ಹೆಂಡಿರ ಸಾಲಿಗೆ ಬೆರೆಸುತ್ತಿದ್ದಾರೆ. ಎಫ್2ಎ ವೀಸಾಗಳಲ್ಲಿ ಮುಕ್ಕಾಲು ಪಾಲಿಗೆ ದೇಶವಾರು ಮಿತಿಯೇ ಅನ್ವಯಿಸುವುದಿಲ್ಲ.

“ಮೊದಲು ಕಾರ್ಡ್ ಕೈಗೆ ಬರಲಿ, ಆಮೇಲೆ ಧಾರೆ”

ನಾನು ಕೇಳಿದ ನಂಬಿಕೆಗಳಲ್ಲೆಲ್ಲ ಅತಿ ದುಬಾರಿಯಾದದ್ದು ಇದು. ಕೇಳುವುದಕ್ಕೆ ಎಷ್ಟು ವಿವೇಕದ ಮಾತು! ಹುಡುಗ ಎಷ್ಟೋ ವರ್ಷ ಎಚ್-1ಬಿಯಲ್ಲಿ ಕಾದಿದ್ದಾನೆ, ಪ್ರಯಾರಿಟಿ ಡೇಟ್ ಕೊನೆಗೂ ಕರೆಂಟ್ ಆಗಿದೆ, ಅಂದರೆ ಸಾಲಿನಲ್ಲಿ ಅವನ ಸರದಿ ಬಂದಿದೆ, ಗ್ರೀನ್ ಕಾರ್ಡಿಗಾಗಿ ಐ-485 ಅರ್ಜಿ ಹಾಕಿಯಾಗಿದೆ. ‘ಇನ್ನೇನು ಆರು ತಿಂಗಳು, ಮುಗಿಯಲಿ, ನೆಮ್ಮದಿಯಾಗಿ ಮದುವೆ ಮಾಡೋಣ’ ಎಂದು ಎರಡೂ ಮನೆಯವರು ಛತ್ರ ಬುಕ್ ಮಾಡುವುದನ್ನು ಮುಂದಕ್ಕೆ ಹಾಕುತ್ತಾರೆ.

ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಪಡೆಯುವವನಿಗೆ, ಅದು ಮಂಜೂರಾಗುವ ದಿನ ಹೆಂಡತಿ ಇದ್ದರೆ, ಅವನ ಸರದಿಯೇ ಅವಳ ಸರದಿ. ಅಮೆರಿಕದಲ್ಲಿ ಎಚ್-4ನಲ್ಲಿದ್ದರೆ ತನ್ನ ಐ-485 ಹಾಕುತ್ತಾಳೆ. ಇಲ್ಲೇ ಉಳಿದಿದ್ದರೂ ಗಂಡನ ಹಿಂದೆ ಸೇರಿಕೊಳ್ಳುವ ಹಕ್ಕು ಅವಳಿಗಿದೆ, ಪ್ರತ್ಯೇಕ ಪಿಟಿಷನ್ ಬೇಡ. ಮದುವೆ ಮಂಜೂರಾತಿಯ ಮಾರನೆಯ ದಿನ ನಡೆಯಿತೋ, ಈ ಹಕ್ಕು ಹೋಯಿತು. ಕಾರ್ಡ್ ಬಂದ ಮೇಲೆ ಹುಡುಗ ಎಚ್-1ಬಿಯಲ್ಲಿ ಇಲ್ಲವಾದ್ದರಿಂದ ಎಚ್-4 ದಾರಿಯೂ ಮುಚ್ಚಿತು. ಮಿಕ್ಕಿದ್ದು ಎಫ್2ಎ ಸಾಲು. ಒಂದೇ ದಿನದ ವ್ಯತ್ಯಾಸಕ್ಕೆ ಎರಡು ಬಾಗಿಲು ಒಟ್ಟಿಗೆ ಹಾಕಿಕೊಳ್ಳುತ್ತವೆ. ರಾಹುಕಾಲ ನೋಡದೆ ಹೂವಿನವನಿಗೆ ಮುಂಗಡವನ್ನೂ ಕೊಡದ ನಾವು ಈ ಒಂದು ದಿನಾಂಕವನ್ನು ಮಾತ್ರ ಯಾರನ್ನೂ ಕೇಳುವುದಿಲ್ಲ.

“ರಿಜಿಸ್ಟರ್ ಮಾಡಿಸಿಬಿಡೋಣ, ಶಾಸ್ತ್ರ ಆಮೇಲೆ”

ಮೇಲಿನ ಸಂಗತಿ ತಿಳಿದವರು ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ನಿಶ್ಚಿತಾರ್ಥ ಮುಗಿಸಿ, ಯಾವುದೋ ಸಂಸ್ಥೆಯಿಂದ ಮದುವೆಯಾಯಿತೆಂಬ ಪತ್ರ ತಂದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ, ವೀಸಾಕ್ಕೆ ಅರ್ಜಿ ಹಾಕುವುದು. ಧಾರೆ, ಊಟ, ಬೀಗರೌತಣ ಎಲ್ಲ ಮುಂದಿನ ವೈಶಾಖಕ್ಕೆ.

ಅಮೆರಿಕದ ವಲಸೆ ಇಲಾಖೆ ಕೇಳುವ ಮೊದಲ ಪ್ರಶ್ನೆ ಸರಳ: ಮದುವೆ ಎಲ್ಲಿ ನಡೆಯಿತೋ ಅಲ್ಲಿನ ಕಾನೂನಿಗೆ ಅದು ಸರಿಯೇ? ಅಮೆರಿಕದಲ್ಲಿ ಮತ್ತೊಮ್ಮೆ ಮದುವೆಯಾಗಬೇಕು ಎಂಬುದು ಸುಳ್ಳು. ಮಂಡ್ಯದಲ್ಲಿ ನಡೆದದ್ದು ಮಂಡ್ಯದ ಕಾನೂನಿಗೆ ಸರಿಯಿದ್ದರೆ ಅಲ್ಲೂ ಸರಿ. ಹಾಗಾಗಿ ನಮ್ಮ ಹಿಂದೂ ವಿವಾಹ ಕಾಯ್ದೆಯೇ ಇಲ್ಲಿ ತೀರ್ಪು ಹೇಳುತ್ತದೆ. 1955ರ ಆ ಕಾಯ್ದೆಯ 7ನೇ ಕಲಮಿನ ಪ್ರಕಾರ ಮದುವೆಯಾಗುವುದು ವಧುವಿನ ಕಡೆಯ ಅಥವಾ ವರನ ಕಡೆಯ ಪದ್ಧತಿಯಂತೆ ನಡೆದ ಶಾಸ್ತ್ರದಿಂದ. 8ನೇ ಕಲಮಿನ ನೋಂದಣಿ ಅದಕ್ಕೆ ಪುರಾವೆ ಮಾತ್ರ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಡಾಲಿ ರಾಣಿ ಪ್ರಕರಣದಲ್ಲಿ ಇದನ್ನೇ ಬಿಡಿಸಿ ಹೇಳಿತು: ಶಾಸ್ತ್ರವೇ ನಡೆಯದಿದ್ದರೆ ನೋಂದಣಿ ಪತ್ರ ಮದುವೆಯನ್ನು ಹುಟ್ಟಿಸಲಾರದು. ವಿದೇಶದ ವೀಸಾಕ್ಕಾಗಿ, ಸಮಯ ಉಳಿಸಲೆಂದು ತಂದೆತಾಯಿಗಳೇ ಮುಂಚಿತವಾಗಿ ನೋಂದಣಿಗೆ ಒಪ್ಪುವ ರೂಢಿಯನ್ನು ತೀರ್ಪು ಹೆಸರಿಟ್ಟೇ ಆಕ್ಷೇಪಿಸಿತು. ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಹುಡುಗ-ಹುಡುಗಿಯ ರಜೆ ಪಟ್ಟಿ ಇಟ್ಟುಕೊಂಡು ಒದ್ದಾಡುವ ಮನೆಗಳ ಸಂಕಟ ಅವರಿಗೆ ತಿಳಿಯದ್ದೇನಲ್ಲ.

ಶಾಸ್ತ್ರ ಬೇಡ, ಕಾಗದವೇ ಸಾಕು ಎನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ; 30 ದಿನದ ನೋಟಿಸ್ ಕೊಟ್ಟು ವಿವಾಹಾಧಿಕಾರಿಯ ಮುಂದೆ ಆದ ಮದುವೆ ಪೂರ್ತಿ ಮದುವೆಯೇ.

ಇದರದ್ದೇ ತಿರುವುಮುರುವು ಕೆ-1 ವೀಸಾದಲ್ಲಿ ಕಾಣುತ್ತದೆ. ಇದು ಸಿಟಿಜನ್‌ಗಳು ಮಾತ್ರ ತಮ್ಮ ಭಾವಿ ಸಂಗಾತಿಗೆ ಕೊಡಿಸಬಹುದಾದ ವೀಸಾ. ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಇಬ್ಬರೂ ಮುಖತಃ ಭೇಟಿಯಾಗಿರಬೇಕು, ಅಲ್ಲಿ ಇಳಿದ 90 ದಿನದೊಳಗೆ ಮದುವೆಯಾಗಬೇಕು. ‘ರಿಜಿಸ್ಟರ್ ಆಗಿಲ್ಲವಲ್ಲ’ ಎಂದುಕೊಂಡು ಇಲ್ಲೇ ಧಾರೆ ಎರೆದು, ತಾಳಿ ಕಟ್ಟಿಸಿ ಕೆ-1ಗೆ ಕೂತವರಿದ್ದಾರೆ. ಶಾಸ್ತ್ರ ಮುಗಿದಿದ್ದರೆ ಅವಳು ಹೆಂಡತಿ; ಭಾವಿ ಹೆಂಡತಿಯ ವೀಸಾ ಅವಳಿಗೆ ಸಲ್ಲದು.

ವಿಡಿಯೊ ಕಾಲ್ ಮದುವೆಯ ಮಾತೂ ಇಲ್ಲೇ ಬಂದುಹೋಗಲಿ. ಕೋವಿಡ್ ಕಾಲದಲ್ಲಿ ಪರದೆಯ ಆಚೆಗೊಬ್ಬರು, ಈಚೆಗೊಬ್ಬರು ಕೂತು ಮದುವೆಯಾದರು. ಇಬ್ಬರೂ ಒಂದೇ ಜಾಗದಲ್ಲಿರದ ಮದುವೆಯನ್ನು, ಆಮೇಲೆ ಒಟ್ಟಿಗೆ ಸಂಸಾರ ಮಾಡುವವರೆಗೆ, ಅಮೆರಿಕದ ವಲಸೆ ಕಾನೂನು ಮದುವೆ ಎನ್ನುವುದಿಲ್ಲ.

“ಅರೇಂಜ್ಡ್ ಮದುವೆ ಅಂದರೆ ಅನುಮಾನ ಪಡುತ್ತಾರೆ”

ಪಡುವುದಿಲ್ಲ. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಹಲ್ಲುಜ್ಜುವ ಬ್ರಷ್ಷಿನ ಬಣ್ಣ ಕೇಳುತ್ತಾರೆ ಎಂಬ ಭಯಕ್ಕೆ 1990ರ ‘ಗ್ರೀನ್ ಕಾರ್ಡ್’ನಂಥ ಸಿನಿಮಾಗಳ ಕೊಡುಗೆ ದೊಡ್ಡದು. ಅಂಥ ವಿಚಾರಣೆ ಇಲ್ಲವೆಂದಲ್ಲ. ಅಮೆರಿಕದೊಳಗೆ ಇದ್ದು ಅರ್ಜಿ ಹಾಕಿದವರ ಮೇಲೆ ಸಂಶಯ ಬಂದಾಗ ಮಾಡುತ್ತಾರೆ. ಇಲ್ಲಿಂದ ಹೊರಡುವವಳು ಸಾಮಾನ್ಯವಾಗಿ ಒಬ್ಬಳೇ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಂತು ಉತ್ತರಿಸುತ್ತಾಳೆ. ಅದೂ ಮುಂಬೈಯಲ್ಲಿ. ಟೂರಿಸ್ಟ್ ವೀಸಾಕ್ಕೆ ಚೆನ್ನೈಗೆ ಹೋಗಿ ಬಂದವರು ವಲಸೆ ವೀಸಾಕ್ಕೂ ಚೆನ್ನೈ ಎಂದುಕೊಂಡಿರುತ್ತಾರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಹಿಗ್ಗಿದವರಿಗೆ, ವೀಸಾ ಕೆಲಸ ಸದ್ಯಕ್ಕಿಲ್ಲ ಎಂಬ ಸಾಲು ಸುದ್ದಿಯ ಕೊನೆಯಲ್ಲಿ ಸಿಕ್ಕಿತ್ತು.

ಅಧಿಕಾರಿ ಹುಡುಕುವುದು ಮದುವೆಯ ದಿನ ಇಬ್ಬರಿಗೂ ಒಟ್ಟಿಗೆ ಬಾಳುವ ಮನಸ್ಸಿತ್ತೇ ಎಂಬುದನ್ನು. ನಮ್ಮ ಮದುವೆಗಳಲ್ಲಿ ಸಾಕ್ಷಿಗೆ ಬರವೇ? ಎರಡೂ ಕಡೆಯ ಸೋದರಮಾವಂದಿರು ತುಂಬಿದ ಮಂಟಪದ ಫೋಟೊ, ಲಗ್ನಪತ್ರಿಕೆ, ಹುಡುಗ ಬಂದುಹೋದ ಟಿಕೆಟ್ಟು, ದಿನದಿನದ ಮಾತುಕತೆಯ ದಾಖಲೆ. ಸುಳ್ಳು ಮದುವೆಯ ಚರಿತ್ರೆಯೂ ಹಳೆಯದೇ. ಎರಡನೇ ಮಹಾಯುದ್ಧದ ನಂತರ ಯೋಧರ ಪತ್ನಿಯರಿಗಾಗಿ 1945ರಲ್ಲಿ ತಂದ ಕಾನೂನನ್ನು ಬಳಸಿಕೊಳ್ಳಲು ಪ್ಯಾರಿಸ್‌ನಲ್ಲಿ ನಾಟಕದ ಮದುವೆಗಳನ್ನು ಮಾಡಿಸಿದವರ ಶಿಕ್ಷೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1953ರಲ್ಲಿ ಎತ್ತಿಹಿಡಿಯಿತು. ಇಂದಿನ ಕಾನೂನಿನಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ. ಜೊತೆಗೆ ಅಂಥ ಮದುವೆ ಮಾಡಿಕೊಂಡ ವಿದೇಶಿಯ ಪರವಾಗಿ ಮುಂದೆ ಯಾರು ಪಿಟಿಷನ್ ಹಾಕಿದರೂ, ಆಮೇಲಿನ ಮದುವೆ ನಿಜವಾದದ್ದೇ ಆಗಿದ್ದರೂ, ತಿರಸ್ಕಾರವೇ ಗತಿ.

“ಸಿಟಿಜನ್‌ನ ಹೆಂಡತಿಗೆ ಇಲ್ಲ ಅನ್ನಲಾರರು”

ಅನ್ನಬಲ್ಲರು. ಸ್ಯಾಂಡ್ರಾ ಮುನ್ಯೋಸ್ ಎಂಬ ಅಮೆರಿಕದ ಪ್ರಜೆಯ ಗಂಡ ಎಲ್ ಸಾಲ್ವಡಾರ್‌ನವರು. ಗೂಂಡಾ ಗುಂಪಿನ ನಂಟಿರಬಹುದೆಂಬ ಅನುಮಾನದ ಮೇಲೆ ಕಾನ್ಸುಲೇಟ್ ವೀಸಾ ನಿರಾಕರಿಸಿತು. ಮೈಮೇಲಿನ ಹಚ್ಚೆಗಳಿಂದ ಆ ಅನುಮಾನ ಹುಟ್ಟಿತೆಂದು ದಂಪತಿ ನಂಬಿದರು. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದಿತು.

“ಸಹಿ ಹಾಕಿದರಾಯಿತು, ಅದೊಂದು ಫಾರ್ಮ್ಯಾಲಿಟಿ”

ವಲಸೆ ಬರುವ ಹೆಂಡತಿಯನ್ನು ಪೋಷಿಸುತ್ತೇನೆಂದು ಗಂಡ ಬರೆದುಕೊಡುವ ಐ-864 ಎಂಬ ಪತ್ರದ ಬಗ್ಗೆ ಈ ಮಾತು. ‘ಹೆಂಡತಿಯನ್ನು ಕರೆಸಿಕೊಳ್ಳಲು ಭಾರಿ ಆಸ್ತಿ ಇರಬೇಕು’ ಎಂಬ ಇನ್ನೊಂದು ನಂಬಿಕೆಯೂ ಇದರ ಬಗ್ಗೆಯೇ, ಎರಡೂ ತಪ್ಪು. ಬೇಕಾದ ಆದಾಯ ಅಲ್ಲಿನ ಬಡತನದ ಮಟ್ಟದ ಶೇಕಡಾ 125. ಇಬ್ಬರೇ ಇರುವ ಮನೆಗೆ 2025ರ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 26,437 ಡಾಲರ್. ಕಡಿಮೆ ಬಿದ್ದರೆ ಇನ್ನೊಬ್ಬರು ಜಂಟಿ ಸ್ಪಾನ್ಸರ್ ಆಗಬಹುದು.

ಆದರೆ ಆ ಸಹಿ ಸರ್ಕಾರದೊಡನೆ ಮಾಡಿಕೊಂಡ ಕರಾರು. ಹೆಂಡತಿಯ ಆದಾಯ ಆ ಮಟ್ಟಕ್ಕಿಂತ ಇಳಿಯದಂತೆ ನೋಡಿಕೊಳ್ಳುವ ಹೊಣೆ ಸ್ಪಾನ್ಸರ್‌ನದು. ಅವಳು ಅಮೆರಿಕದ ಪ್ರಜೆಯಾಗುವವರೆಗೆ, ಅಥವಾ ಹೆಚ್ಚುಕಡಿಮೆ ಹತ್ತು ವರ್ಷದ ದುಡಿಮೆ ಅವಳ ಲೆಕ್ಕಕ್ಕೆ ಜಮೆಯಾಗುವವರೆಗೆ, ಅಥವಾ ಅವಳು ಕಾಯಂ ವಾಸ ಬಿಟ್ಟು ದೇಶದಿಂದ ಹೊರಡುವವರೆಗೆ, ಇಲ್ಲವೇ ಸಾವಿನವರೆಗೆ. ಈ ಪಟ್ಟಿಯಲ್ಲಿ ವಿಚ್ಛೇದನ ಇಲ್ಲ. ಬಿಟ್ಟುಹೋದ ಗಂಡನ ಮೇಲೆ ಈ ಪತ್ರ ಹಿಡಿದು ಹೆಂಡತಿ ಕೋರ್ಟಿಗೆ ಹೋಗಬಹುದು, ಹೋಗಿ ಗೆದ್ದವರಿದ್ದಾರೆ. ಅಣ್ಣನ ಹೆಂಡತಿಗೆಂದು ದಾಕ್ಷಿಣ್ಯಕ್ಕೆ ಜಂಟಿ ಸಹಿ ಹಾಕಿದ ತಮ್ಮನಿಗೂ ಇದೇ ಹೊಣೆ.

“ನಾನೇ ಕರೆಸಿದ್ದು, ನಾನೇ ವಾಪಸ್ ಕಳಿಸಬಲ್ಲೆ”

ಅಡುಗೆಮನೆಯ ಗೋಡೆಗಳ ನಡುವೆ ಹೇಳುವ ಮಾತಿದು. ಇದನ್ನು ನಂಬಿ ಬಾಯಿ ಮುಚ್ಚಿಕೊಂಡ ಹೆಣ್ಣುಮಕ್ಕಳು ಎಷ್ಟೋ. ಕಾರ್ಡ್ ಬರುವ ಮುಂಚೆ ಪಿಟಿಷನ್ ಹಿಂತೆಗೆದುಕೊಳ್ಳಲು ಗಂಡನಿಗೆ ಬರುತ್ತದೆ, ನಿಜ. ಬಂದ ಮೇಲೆ ಅದನ್ನು ರದ್ದು ಮಾಡಿಸುವ ಅಧಿಕಾರ ಅವನಿಗಿಲ್ಲ.

ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಕಾಯಂ ನಿವಾಸಿಯಾಗಿ ಅಮೆರಿಕಕ್ಕೆ ಕಾಲಿಟ್ಟವಳಿಗೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. 1986ರಲ್ಲಿ ನಕಲಿ ಮದುವೆ ತಡೆಯಲು ತಂದ ನಿಯಮ. ಎರಡನೇ ವಾರ್ಷಿಕೋತ್ಸವ ಕಳೆದು ಕಾಲಿಟ್ಟರೆ ನೇರವಾಗಿ ಹತ್ತು ವರ್ಷದ್ದು. ಕೆಲವು ವಾರದ ಅಂತರವಷ್ಟೇ ಇದ್ದು, ವೀಸಾದ ಅವಧಿಯೂ ಉಳಿದಿದ್ದರೆ ಟಿಕೆಟ್ ಮುಂದೂಡುವುದು ಜಾಣತನ. ಷರತ್ತು ತೆಗೆಸಲು ಅವಧಿ ಮುಗಿಯುವ ಮುಂಚಿನ 90 ದಿನದಲ್ಲಿ ಇಬ್ಬರೂ ಸೇರಿ ಐ-751 ಹಾಕಬೇಕು. ‘ಸಹಿ ಹಾಕುವುದಿಲ್ಲ ನೋಡು’ ಎಂಬ ಬೆದರಿಕೆ ಹುಟ್ಟುವುದು ಇಲ್ಲಿಂದ. ಪ್ರಾಮಾಣಿಕವಾಗಿ ಆದ ಮದುವೆ ಮುರಿದುಬಿದ್ದಿದ್ದರೆ, ಹೊಡೆತ-ಹಿಂಸೆ ಇದ್ದರೆ, ಅವಳೊಬ್ಬಳೇ ಅರ್ಜಿ ಹಾಕಬಹುದು.

ಪಿಟಿಷನ್ನನ್ನೇ ಹಾಕದೆ ಸತಾಯಿಸುವ ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವನಾಗಿದ್ದರೆ, 1994ರ ಕಾನೂನಿನಡಿ ದೌರ್ಜನ್ಯಕ್ಕೊಳಗಾದ ಹೆಂಡತಿ ತನ್ನ ಅರ್ಜಿ ತಾನೇ ಸಲ್ಲಿಸಬಹುದು. ಗಂಡನಿಗೆ ನೋಟಿಸ್ ಹೋಗುವುದಿಲ್ಲ. ವಿಷಯ ಅವನಿಗೆ ತಿಳಿಸಬಾರದೆಂದು ಇಲಾಖೆಗೆ ಕಾನೂನಿನದೇ ಕಟ್ಟು. ಎಚ್-1ಬಿ ಗಂಡನ ಹೆಂಡತಿಗೆ ಈ ರಕ್ಷಣೆ ಇಲ್ಲ. ಕೆಲವೇ ತಿಂಗಳಲ್ಲಿ ಎಚ್-4 ಹಿಡಿದು ಹೋದವಳ ವಾಸ್ತವ್ಯ ಪೂರ್ತಿ ಅವನ ವೀಸಾಕ್ಕೆ ಕಟ್ಟಿದ್ದು. ವಿಚ್ಛೇದನವಾದ ದಿನವೇ ಅವಳ ಎಚ್-4ಕ್ಕೂ ಆಧಾರ ತಪ್ಪುತ್ತದೆ. ಮೆಟ್ಟಿಲುಗಳ ಲೆಕ್ಕ ಹಾಕುವ ಹಿರಿಯರು ಬೇಗ ಹೋಗುವುದನ್ನಷ್ಟೇ ಎಣಿಸದೆ ಇದನ್ನೂ ಎಣಿಸಬೇಕು.

ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಹುಡುಗ ಇಂದು ಯಾವ ವೀಸಾದಲ್ಲಿದ್ದಾನೆ, ಅವನ ಐ-485 ಯಾವ ಹಂತದಲ್ಲಿದೆ ಎಂದು ಸಂಕೋಚ ಬಿಟ್ಟು ಕೇಳಿ. ಸಂಬಳ ಕೇಳುವಾಗ ಇಲ್ಲದ ಸಂಕೋಚ ಇದಕ್ಕೇಕೆ? ಮದುವೆ ನೋಂದಣಿ ಪತ್ರ, ಪಿಟಿಷನ್ನಿನ ರಸೀದಿ, ಐ-864, ಇವುಗಳ ಒಂದೊಂದು ಪ್ರತಿ ಮಗಳ ಹತ್ತಿರವೂ ಇರಲಿ, ತವರಿನ ಬೀರುವಿನಲ್ಲೂ ಇರಲಿ.