ಕರಿಬೇವಿನ ಗಿಡವೇ ಸಾಕು
ಪ್ರಕೃತಿಯ ಚಿತ್ರ ತೆಗೆಯಲು ಬಂಡೀಪುರಕ್ಕೋ ಕಬಿನಿಗೋ ಹೋಗಲೇಬೇಕು ಎಂಬ ನಂಬಿಕೆ ಬಲವಾಗಿದೆ. ಸಫಾರಿಯಲ್ಲಿ ಹುಲಿ ಕಂಡರೂ ಅದರ ಬದುಕಿನ ಕೆಲವು ಕ್ಷಣಗಳಷ್ಟೇ ದಕ್ಕುತ್ತವೆ. ಹಿತ್ತಲಿನ ಕರಿಬೇವು ಒಂದು ಜೀವನಚಕ್ರವನ್ನೇ ತೋರಿಸುತ್ತದೆ. ಕಾಮನ್ ಮಾರ್ಮನ್ ಚಿಟ್ಟೆಯ ಎಳೆಯ ಮರಿಹುಳು ಹಕ್ಕಿಯ ಹಿಕ್ಕೆಯಂತೆ ಎಲೆಯ ಮೇಲೆ ಬಿದ್ದಿರುತ್ತದೆ, ಬಲಿತಾಗ ಎಲೆಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೋಡು ಚಾಚಿ ಘಾಟು ವಾಸನೆ ಬಿಡುತ್ತದೆ (ಚಿತ್ರಕ್ಕಾಗಿ ಕೆಣಕುವುದು ಮಾತ್ರ ಸಲ್ಲ). ಇದೆಲ್ಲ ಸಿಗುವುದು ದಿನವೂ ಬಗ್ಗಿ ನೋಡುವವರಿಗೆ.

ದುಬಾರಿ ಲೆನ್ಸ್ ಬೇಡವೇ? ದೂರದ ಹಕ್ಕಿಗೆ ಬೇಕು, ನಿಜ. ಹುಳುವಿಗೆ ಮೊಬೈಲೂ ಬೆಳಗಿನ ಓರೆ ಬಿಸಿಲೂ ಸಾಲುತ್ತವೆ. ಮನೆ ಸುತ್ತ ಹೊಸದೇನಿದೆ ಎನ್ನುವವರು ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರನ್ನು ನೆನೆಯಲಿ: ಮೂಡಿಗೆರೆಯ ತಮ್ಮ ತೋಟದ ಆಸುಪಾಸಿನ ಹಕ್ಕಿಗಳಿಗಾಗಿಯೇ ಅವರು ಕ್ಯಾಮೆರಾ ಹಿಡಿದು ಕಾದವರು. ಇನ್ನು ದಿನಾಂಕ, ಜಾಗದ ಸಮೇತ ಜೀವಿಗಳ ಚಿತ್ರ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿದ ಸಾಧಾರಣ ಚಿತ್ರವೂ ಸಂಶೋಧಕರಿಗೆ ದಾಖಲೆಯಾಗಬಲ್ಲದು.