ಹಳೇ ಜಾಹೀರಾತಿಗೂ ಗಿರಾಕಿ ಇದ್ದಾರೆ!

ಹಳೆಯ ವಾರಪತ್ರಿಕೆಯೊಂದು ಕೈಗೆ ಸಿಕ್ಕರೆ ನೀವು ಮೊದಲು ಏನು ನೋಡ್ತೀರಿ? ಕಥೆ? ಧಾರಾವಾಹಿ? ಪದಬಂಧ? ನಾನಂತೂ ಸೀದಾ ಹಿಂಬದಿಯ ರಕ್ಷಾಪುಟಕ್ಕೆ ಹೋಗ್ತೀನಿ. ಸೋಪು, ವಾಚು, ಬೈಕು, ಹಲ್ಲುಪುಡಿ ಹೀಗೆ ಏನಾದರೊಂದು ಅಲ್ಲಿ ಇದ್ದೇ ಇರುತ್ತೆ. ಆಗಿನ ಓದುಗರು ಕಣ್ಣೂ ಹಾಯಿಸದೆ ತಿರುವಿ ಹಾಕಿದ ಆ ಪುಟಗಳನ್ನು ಇವತ್ತು ಹುಡುಕಿಕೊಂಡು ಬಂದು, ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಅವನ್ನು ಕೂಡಿಸೋದು, ಆನ್‌ಲೈನ್‌ನಲ್ಲಿ ಮಾರೋದು ನಾಲ್ಕು ವರ್ಷದಿಂದ ನನ್ನ ಹವ್ಯಾಸ.

ಕೆಲಸದಲ್ಲಿ ನಾನು ಸಾಫ್ಟ್‌ವೇರ್ ಎಂಜಿನಿಯರ್. ಊರು ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ. ಬೆಂಗಳೂರು–ಹೊನ್ನಾವರ ಹೆದ್ದಾರಿಯಲ್ಲಿ ಓಡಾಡುವವರಿಗೆ ಕೆ.ಬಿ. ಕ್ರಾಸ್ ಅಂದರೆ ಬೇಗ ಗೊತ್ತಾಗುತ್ತೆ. ಒಂದು ಕಡೆ ತುರುವೇಕೆರೆಗೆ, ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿಗೆ ತಿರುಗೋದು ಅಲ್ಲೇ. ವಾರದಲ್ಲಿ ಮೂರು ದಿನ ಬೆಂಗಳೂರಿನ ಆಫೀಸು, ಉಳಿದ ದಿನ ಊರಿನ ಮನೆಯಿಂದ ಕೆಲಸ.

ನಮ್ಮ ಕಡೆ ಹಳೇ ಮನೆ ಅಂದಮೇಲೆ ಅಟ್ಟ ಇರಲೇಬೇಕು. ಅದಿರೋದು ಕೊಬ್ಬರಿಗೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನೋ ಉಂಡೆ ಕೊಬ್ಬರಿ ಆಗುತ್ತೆ. ಅಲ್ಲಿಂದ ತಿಪಟೂರು ಮಾರುಕಟ್ಟೆ, ಅಲ್ಲಿಂದ ಬಹುಪಾಲು ಉತ್ತರ ಭಾರತ. ಆ ಅಟ್ಟದ ಒಂದು ಮೂಲೆಯಲ್ಲಿ ನಾರಿನ ಹಗ್ಗದಲ್ಲಿ ಕಟ್ಟಿಟ್ಟ ಪತ್ರಿಕೆಗಳ ಗಂಟುಗಳಿದ್ದವು. ಸುಧಾ, ಮಯೂರ, ಕಸ್ತೂರಿ, ಪ್ರಜಾಮತ, ಆಮೇಲಿನ ಕಾಲದ ತರಂಗ. ಕೊರೊನಾ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ಒಂದೊಂದೇ ಗಂಟು ಬಿಚ್ಚಿ ಓದೋಕೆ ಶುರು ಮಾಡಿದೆ. ಜಾಹೀರಾತಿನ ಹುಚ್ಚು ಹತ್ತಿದ್ದು ಆಗಲೇ.

ಪುಟದ ವಯಸ್ಸು ಕಂಡುಹಿಡಿಯೋದೇ ಮಜಾ

ಅಟ್ಟದಿಂದ ಇಳಿದ ಪುಟಗಳಲ್ಲಿ ಅರ್ಧಕ್ಕೆ ರಕ್ಷಾಪುಟ ಇರಲ್ಲ, ತಾರೀಖೂ ಇರಲ್ಲ. ಹಾಗಾದರೆ ಯಾವ ಕಾಲದ್ದು ಅಂತ ಹೇಳೋದು ಹೇಗೆ? ಇದು ನನ್ನ ಆಫೀಸಿನ ಕೆಲಸದ ಥರಾನೇ. ಲಾಗ್ ಫೈಲ್‌ನಲ್ಲಿ ತಪ್ಪು ಹುಡುಕೋ ಹಾಗೆ ಸಣ್ಣ ಅಕ್ಷರದಲ್ಲಿ ಸುಳಿವು ಹುಡುಕಬೇಕು.

ಬೆಲೆ ‘ನಯೇ ಪೈಸೆ’ಯಲ್ಲಿದ್ದರೆ ಅದು 1957ರಿಂದ 1964ರ ನಡುವಿನದು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ, ‘ನಯೇ’ ಅನ್ನೋ ಪದ ಬಿಟ್ಟುಹೋದದ್ದು 1964ರ ಜೂನ್‌ನಲ್ಲಿ. ವಿಳಾಸದಲ್ಲಿ ಬರೀ ‘ಬೆಂಗಳೂರು-2’ ಅಂತಿದ್ದರೆ ಹಳೆಯದು ಅಂತ ಊಹಿಸಬಹುದು. ಆರಂಕಿಯ ಪಿನ್‌ಕೋಡ್ ಇದ್ದರೆ ಖಂಡಿತ 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಮುಂಚಿನದು. ಬಣ್ಣದ ಟಿ.ವಿ. ಜಾಹೀರಾತು ಬಂತೋ, 1982ರ ದೆಹಲಿ ಏಷ್ಯಾಡ್ ಈಚೆಗೆ ಬಂದಿರಿ ಅಂತಲೇ ಲೆಕ್ಕ.

ಕೆಲವು ಜಾಹೀರಾತುಗಳನ್ನು ಕಾನೂನೇ ಪುಟದಿಂದ ಎಬ್ಬಿಸಿದೆ. ಎಳೆಮಕ್ಕಳ ಹಾಲಿನ ಪುಡಿಯ ಜಾಹೀರಾತಿಗೆ 1992ರ ಕಾಯ್ದೆ ತಡೆ ಹಾಕಿತು. ಸಿಗರೇಟಿನದಕ್ಕೆ 2003ರ ತಂಬಾಕು ಕಾಯ್ದೆ. ಅದಕ್ಕೂ ಮುಂಚಿನ ಪತ್ರಿಕೆ ತೆರೆದರೆ ಇಡೀ ಕುಟುಂಬ ಓದೋ ವಾರಪತ್ರಿಕೆಯ ಬೆನ್ನಿನಲ್ಲೇ ಸಿಗರೇಟು ಹಿಡಿದ ದಂಪತಿ ನಗ್ತಾ ನಿಂತಿರ್ತಾರೆ. ಅದನ್ನು ಯಾರೂ ವಿಚಿತ್ರ ಅಂದುಕೊಂಡಿರಲಿಲ್ಲ. ಆ ಕಾಲದಲ್ಲಿ ಏನು ಸಹಜವಾಗಿತ್ತು ಅನ್ನೋದಕ್ಕೆ ಸಂಪಾದಕೀಯಕ್ಕಿಂತ ಇಂಥ ಪುಟಗಳೇ ಒಳ್ಳೇ ಸಾಕ್ಷಿ.

ಕೊಳ್ಳೋರು ಯಾರು?

ನನ್ನ ಅಂಗಡಿ ಅಂದರೆ ಒಂದು ಇನ್‌ಸ್ಟಾಗ್ರಾಂ ಪೇಜು, ಒಂದು ವಾಟ್ಸಾಪ್ ನಂಬರು. ಭಾನುವಾರ ರಾತ್ರಿ ಏಳೆಂಟು ಪುಟಗಳ ಫೋಟೊ ಹಾಕ್ತೀನಿ, ಸೋಮವಾರ ಸಂಜೆಯೊಳಗೆ ಎರಡು ಮೂರು ಹೋಗುತ್ತೆ. ಸಾಧಾರಣ ಪುಟಕ್ಕೆ 150 ರೂಪಾಯಿ, ಚೆನ್ನಾಗಿ ಉಳಿದಿರೋ ಬಣ್ಣದ ಪುಟಕ್ಕೆ 500ರವರೆಗೆ. ಸ್ಪೀಡ್ ಪೋಸ್ಟ್ ಖರ್ಚು ಬೇರೆ. ಕೊಬ್ಬರಿಗಾದರೆ ಮಾರುಕಟ್ಟೆಯಲ್ಲಿ ದರ ಗೊತ್ತಾಗುತ್ತೆ, ಇದಕ್ಕೆ ದರ ಕಟ್ಟೋದು ಕೊಳ್ಳೋರ ನೆನಪು. ಇದರಿಂದ ಸಂಬಳ ಬಿಟ್ಟು ಬದುಕೋಕಾಗಲ್ಲ. ಇನ್ನಷ್ಟು ಹಳೇ ಪತ್ರಿಕೆ ಕೊಳ್ಳೋಕೆ ಸಾಕು.

ನಮ್ಮ ರಾಜ್ಯದಲ್ಲೇ ತಯಾರಾದ ವಸ್ತುಗಳಿಗೆ ಬೇಡಿಕೆ ಹೆಚ್ಚು. ಮೈಸೂರು ಸ್ಯಾಂಡಲ್ ಸೋಪಿನ ಪುಟ ಹಾಕಿದ ದಿನವೇ ಹೋಗುತ್ತೆ. ಆನೆ ತಲೆ, ಸಿಂಹದ ಮೈ ಇರೋ ಅದರ ಶರಭ ಲಾಂಛನ ನೋಡಿದರೆ ಸಾಕು, ಜನ ಅಜ್ಜಿಯ ಬಚ್ಚಲುಮನೆ ನೆನಪಿಸಿಕೊಳ್ತಾರೆ. ನಂಜನಗೂಡು ಹಲ್ಲುಪುಡಿಯದ್ದೂ ಹಾಗೇ. 1913ರಲ್ಲಿ ಶುರುವಾದ ಬಿ.ವಿ. ಪಂಡಿತರ ಸದ್ವೈದ್ಯಶಾಲೆಯ ಆ ಪುಡಿಯ ಜಾಹೀರಾತನ್ನು ನನ್ನಿಂದ ಕೊಂಡವರೊಬ್ಬರು ದಂತವೈದ್ಯರು. ಕ್ಲಿನಿಕ್‌ನಲ್ಲಿ ಫ್ರೇಮು ಹಾಕಿಸಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋದರೂ ಜಾವಾ, ಯೆಜ್ಡಿ ಅಭಿಮಾನಿಗಳು ನಿಂತಿಲ್ಲ. ಬೈಕು ಮನೆಯಲ್ಲಿ ಇಟ್ಟುಕೊಂಡೋರಿಗೆ ಅದೇ ವರ್ಷದ ಜಾಹೀರಾತೂ ಬೇಕು.

ನನಗೆ ತೀರಾ ಹತ್ತಿರವಾದದ್ದು ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಲ್ಲಿ ವಾಚು ತಯಾರಿಕೆ ಶುರುವಾಯ್ತು, ಮುಂದೆ ನಮ್ಮ ಜಿಲ್ಲಾ ಕೇಂದ್ರ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಆ ಜಾಗ ಈಗ ಇಸ್ರೊ ಕೈಯಲ್ಲಿದೆ. ಹಾಗಾಗಿ ಅಲ್ಲಿ ದುಡಿದವರ ಮಕ್ಕಳಿಗೆ ತೋರಿಸೋಕೆ ಉಳಿದಿರೋದು ಕೈಗಡಿಯಾರ ಮತ್ತು ಇಂಥ ಪುಟ. ಕಳೆದ ವರ್ಷ ಒಬ್ಬರು ಮೆಸೇಜ್ ಮಾಡಿ, “ಅಪ್ಪ ಜೋಡಿಸ್ತಿದ್ದ ಮಾಡೆಲ್ ಇದೇ ಸಾರ್, ಬೇರೆಯವರಿಗೆ ಕೊಟ್ಟುಬಿಡಬೇಡಿ” ಅಂದರು. ನಾನು ಬೆಲೆ ಹೇಳೋ ಮುಂಚೆಯೇ ವಿಳಾಸ ಕಳಿಸಿದ್ದರು.

ಉಳಿದಿರೋದು ಯಾಕೆ ಕಡಿಮೆ?

ಲಕ್ಷಗಟ್ಟಲೆ ಅಚ್ಚಾದ ಪುಟಗಳು ಅಪರೂಪ ಆಗಿದ್ದು ಹೇಗೆ? ಒಂದು ಕಾರಣ ರದ್ದಿ. ಇನ್ನೊಂದು ಕಾರಣ ಕೇಳಿದರೆ ಆಶ್ಚರ್ಯ ಆಗುತ್ತೆ: ಬೈಂಡಿಂಗ್. ಪತ್ರಿಕೆಗಳನ್ನು ವರ್ಷವಾರು ಬೈಂಡ್ ಮಾಡಿಸುವಾಗ ಎಷ್ಟೋ ಗ್ರಂಥಾಲಯಗಳಲ್ಲಿ ರಕ್ಷಾಪುಟ, ಜಾಹೀರಾತಿನ ಪುಟಗಳನ್ನು ತೆಗೆದುಹಾಕ್ತಿದ್ದರು. ದಪ್ಪ ಕಡಿಮೆಯಾಗಲಿ, ‘ವಿಷಯ’ ಮಾತ್ರ ಉಳಿಯಲಿ ಅಂತ. ಹೀಗಾಗಿ ಕಥೆ ಉಳೀತು, ಸೋಪು ಹೋಯ್ತು.

ಇಂಥದ್ದನ್ನು ಬೇರೆ ಕಡೆ ಗಂಭೀರವಾಗಿ ತಗೊಂಡಿದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 1911ರಿಂದ 1955ರವರೆಗಿನ 7,000ಕ್ಕೂ ಹೆಚ್ಚು ಜಾಹೀರಾತುಗಳನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ನೋಡೋ ಹಾಗೆ ಆನ್‌ಲೈನ್‌ನಲ್ಲಿ ಇಟ್ಟಿದೆ. ನಮ್ಮಲ್ಲಿ ಹೆಚ್ಚಿನ ಪುಟ ಉಳಿದಿರೋದು ಮನೆಗಳಲ್ಲಿ. ಅದೂ ಮುಖ್ಯವಾಗಿ ಹೆಣ್ಣುಮಕ್ಕಳಿಂದ. ವಾರವಾರ ಬರ್ತಿದ್ದ ಧಾರಾವಾಹಿಯ ಪುಟಗಳನ್ನು ಬಿಡಿಸಿ, ಕಂತಿನ ಪ್ರಕಾರ ಜೋಡಿಸಿ, ಸೂಜಿ ದಾರದಲ್ಲಿ ಹೊಲಿದು, ಮೇಲೊಂದು ರಟ್ಟು ಅಂಟಿಸಿ ಮನೆಯಲ್ಲೇ ಕಾದಂಬರಿ ಮಾಡಿಕೊಳ್ತಿದ್ದರು. ಪುಸ್ತಕ ಕೊಳ್ಳೋಕೆ ಕಾಸಿಲ್ಲದ ಮನೆಗಳ ಲೈಬ್ರರಿ ಅದು. ಕಂತಿನ ಹಿಂಬದಿಯಲ್ಲಿ ಏನು ಅಚ್ಚಾಗಿತ್ತೋ ಅದೂ ಜೊತೆಯಲ್ಲೇ ಉಳ್ಕೊಂಡುಬಿಡ್ತು.

ಕತ್ತರಿ ಎಲ್ಲಿ ನಿಲ್ಲಬೇಕು?

ಈ ಹವ್ಯಾಸದ ಕಷ್ಟದ ಪ್ರಶ್ನೆ ಇದೇ. ಜಾಹೀರಾತು ಮಾರಬೇಕು ಅಂದರೆ ಪತ್ರಿಕೆ ಹರೀಬೇಕು. ಒಂದು ಇಡೀ ಸಂಚಿಕೆಗೆ 200 ರೂಪಾಯಿ ಸಿಕ್ಕರೆ, ಅದನ್ನೇ ಬಿಡಿಸಿ ಐದು ಪುಟ ಮಾರಿದರೆ ಸಾವಿರ ದಾಟುತ್ತೆ. ಲೆಕ್ಕ ಕತ್ತರಿ ಕಡೆಗೇ ಇದೆ. ಆದರೆ ಒಂದು ಸಲ ಬಿಡಿಸಿದ ಸಂಚಿಕೆ ಮತ್ತೆ ಸಂಚಿಕೆ ಆಗಲ್ಲ. ಆದ್ದರಿಂದ ಮೊದಲಿಂದ ನಾನು ಇಟ್ಟುಕೊಂಡಿರೋ ನಿಯಮ ಒಂದೇ: ಪೂರ್ತಿ ಇರೋ ಸಂಚಿಕೆಗೆ ಕತ್ತರಿ ಹಾಕಲ್ಲ. ಗೆದ್ದಲು ತಿಂದದ್ದು, ಮೊದಲೇ ಹರಿದದ್ದು, ಗುಜರಿ ಅಂಗಡಿಯಲ್ಲಿ ಚೂರಾಗಿ ಸಿಕ್ಕಿದ್ದು ಮಾತ್ರ ಬಿಡಿ ಪುಟವಾಗಿ ಮಾರ್ತೀನಿ.

ಆ ನಿಯಮಕ್ಕೆ ಸಿಗದ ಪ್ರಶ್ನೆಯೊಂದು ಹೋದ ವರ್ಷ ಬಂತು. ನಮ್ಮ ದೊಡ್ಡಮ್ಮ ತುರುವೇಕೆರೆ ಕಡೆ ಇರೋದು. ಅವರು ಮದುವೆಗೆ ಮುಂಚೆ ಹೊಲಿದಿಟ್ಟ ಧಾರಾವಾಹಿಯೊಂದರ ಹಿಂಬದಿಯಲ್ಲಿ ಇಡೀ ಪುಟದ ಜಾವಾ ಜಾಹೀರಾತಿತ್ತು. ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ದೊಡ್ಡಮ್ಮನ್ನ ಕೇಳಿಯೇ ‘ಮಾರಾಟಕ್ಕಿಲ್ಲ’ ಅಂತ ಬರೆದು ಫೋಟೊ ಹಾಕಿದ್ದೆ. ಪುಣೆಯ ಬೈಕ್ ಸಂಗ್ರಾಹಕರೊಬ್ಬರು 4,000 ರೂಪಾಯಿ ಕೊಡ್ತೀನಿ ಅಂದರು. ನನ್ನ ಇಡೀ ತಿಂಗಳ ಮಾರಾಟಕ್ಕಿಂತ ಜಾಸ್ತಿ. ಸಂಚಿಕೆ ಹೇಗೂ ಆಗಲೇ ಬಿಡಿಸಿದ್ದು, ನನ್ನ ನಿಯಮ ಮುರಿಯೋ ಪ್ರಶ್ನೆ ಇರಲಿಲ್ಲ. ಪುಸ್ತಕ ದೊಡ್ಡಮ್ಮನದು, ಹಾಗಾಗಿ ಅವರಿಗೇ ಫೋನ್ ಮಾಡಿ ಹೇಳಿದೆ.

ದೊಡ್ಡಮ್ಮ ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ, “ಆ ಮೋಟ್ರು ಬೈಕು ಅವ್ರಿಗೆ ಇನ್ನೆಲ್ಲಾದ್ರೂ ಸಿಗ್ತದೆ ಕಣಪ್ಪ. ನಂಗೆ ಹದಿನೇಳನೇ ಕಂತು ಎಲ್ ಸಿಗ್ತದೆ?” ಅಂದರು.

ಅಲ್ಲಿಗೆ ಮುಗೀತು. ಪುಣೆಯವರಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಅವರು ಬೇಸರ ಮಾಡ್ಕೊಳ್ಳಲಿಲ್ಲ. “ಹಾಗಾದರೆ ಆ ಪುಸ್ತಕವನ್ನೇ ಹುಷಾರಾಗಿ ಇಟ್ಟುಕೊಳ್ಳಿ” ಅಂತ ಉತ್ತರ ಬಂತು. ಅವತ್ತಿಂದ ನನ್ನ ನಿಯಮಕ್ಕೆ ಇನ್ನೊಂದು ಸಾಲು ಸೇರಿದೆ: ಮನೆಯಲ್ಲಿ ಹೊಲಿದ ಪುಸ್ತಕವೂ ಒಂದು ಪೂರ್ತಿ ಪುಸ್ತಕವೇ. ಹೊಲಿದವರ ಕೈಕೆಲಸವೂ ಅದರಲ್ಲಿದೆ. ಬಿಡಿ ಪುಟ ಮಾರುವಾಗಲೂ ಈಗ ಎರಡೂ ಬದಿಯ ಫೋಟೊ ಹಾಕ್ತೀನಿ. ಸೋಪಿನ ಜಾಹೀರಾತು ಕೊಂಡ ಒಬ್ಬರು ಅದರ ಹಿಂದಿದ್ದ ಅರ್ಧ ಕಥೆ ಓದಿ, “ಆ ಹುಡುಗಿ ಮನೆಗೆ ವಾಪಸ್ ಬಂದಳಾ?” ಅಂತ ಕೇಳಿದ್ದರು. ಮುಂದಿನ ಸಂಚಿಕೆ ನನ್ನ ಹತ್ತಿರವೂ ಇಲ್ಲ. ಇಬ್ಬರೂ ಹುಡುಕ್ತಾ ಇದ್ದೀವಿ.

ಶುರು ಮಾಡೋರಿಗೆ ನಾಲ್ಕು ಮಾತು

ಕಾಗದ: ಪತ್ರಿಕೆಯ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುತ್ತೆ. ಬೆಳಕು, ಗಾಳಿ ತಾಗಿದಷ್ಟೂ ಹಳದಿಯಾಗಿ ಪುಡಿಯಾಗುತ್ತೆ. ಲ್ಯಾಮಿನೇಶನ್ ಬೇಡ, ಸೆಲ್ಲೊ ಟೇಪ್ ಅಂತೂ ಬೇಡವೇ ಬೇಡ, ಅದರ ಅಂಟು ಕಂದು ಕಲೆ ಬಿಡುತ್ತೆ. ತುಕ್ಕು ಹಿಡಿದ ಪಿನ್ನು ಮೆಲ್ಲಗೆ ತೆಗೀರಿ. ಪಿವಿಸಿ ಕವರ್ ಬದಲು ಪಾಲಿಯೆಸ್ಟರ್ ಕವರ್, ಹಿಂದೆ ಆಮ್ಲರಹಿತ ರಟ್ಟು ಇಡಿ. ಫ್ರೇಮು ಹಾಕಿಸಿದರೆ ಬಿಸಿಲು ಬೀಳದ ಗೋಡೆಗೆ ಹಾಕಿ. ಕೊಬ್ಬರಿ ಇರೋ ಅಟ್ಟದಿಂದ ಮೊದಲು ಕೆಳಗಿಳಿಸಿ, ಎಣ್ಣೆ ಜಿಡ್ಡೂ ಹುಳುವೂ ಕಾಗದಕ್ಕೆ ಆಗಿಬರಲ್ಲ.

ಅಸಲಿಯೋ ನಕಲಿಯೋ: ಭೂತಗನ್ನಡಿ ಹಿಡಿದು ನೋಡಿ. ಹಳೇ ಬಣ್ಣದ ಮುದ್ರಣದಲ್ಲಿ ಚುಕ್ಕೆಗಳು ಸಾಲಾಗಿ ಕೂತಿರುತ್ತವೆ. ಇಂಕ್‌ಜೆಟ್‌ನಲ್ಲಿ ಚೆಲ್ಲಾಪಿಲ್ಲಿಯಾಗಿರುತ್ತವೆ. ಇನ್ನೂ ಸುಲಭದ ಪರೀಕ್ಷೆ ಅಂದರೆ ಪುಟ ತಿರುಗಿಸೋದು. ಪತ್ರಿಕೆಯ ಪುಟದ ಹಿಂದೆ ಏನಾದರೂ ಅಚ್ಚಾಗಿರಬೇಕು. ಖಾಲಿ ಇದ್ದರೆ ಅನುಮಾನ ಪಡಿ.

ಕಾನೂನು: ನಿಮ್ಮ ಹತ್ತಿರ ಇರೋ ಮೂಲ ಪುಟವನ್ನು ಮಾರೋದು ಬೇರೆ, ಅದನ್ನು ಸ್ಕ್ಯಾನ್ ಮಾಡಿ ಪೋಸ್ಟರು, ಟೀ ಶರ್ಟು ಅಚ್ಚು ಹಾಕಿ ಮಾರೋದು ಬೇರೆ. ನಮ್ಮಲ್ಲಿ ಚಿತ್ರ ಬರೆದವರ ಹಕ್ಕು ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತೆ. ಹೆಸರಿಲ್ಲದೆ ಪ್ರಕಟವಾದದ್ದಕ್ಕೆ ಪ್ರಕಟವಾದಾಗಿನಿಂದ 60 ವರ್ಷ. ಅದು ಮುಗಿದರೂ ಕಂಪನಿಯ ಟ್ರೇಡ್‌ಮಾರ್ಕ್ ಬದುಕಿರಬಹುದು. ನಾನು ನಕಲು ಮಾರಲ್ಲ.

ಕಳಿಸೋದು: ಪುಟ ಮಡಿಸಬೇಡಿ, ಹಳೇ ಕಾಗದ ಮಡಿಕೆಯಲ್ಲೇ ಮುರಿಯುತ್ತೆ. ಎರಡು ಗಟ್ಟಿ ರಟ್ಟಿನ ಮಧ್ಯೆ ಇಟ್ಟು, ನೀರು ತಾಗದ ಕವರ್ ಹಾಕಿ ಕಳಿಸಿ. ಹರಿದದ್ದು, ಕಲೆ, ಹುಳು ತಿಂದ ತೂತು ಎಲ್ಲವನ್ನೂ ಫೋಟೊದಲ್ಲೇ ತೋರಿಸಿಬಿಡಿ. ಒಂದು ಸಲ ನಂಬಿದ ಗಿರಾಕಿ ಮತ್ತೆ ಮತ್ತೆ ಬರ್ತಾರೆ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ, ಟ್ರಂಕು, ಬೀರು ಮೇಲಿನ ರಟ್ಟಿನ ಡಬ್ಬ ಒಮ್ಮೆ ನೋಡಿ. ಹಳೇ ಪತ್ರಿಕೆ ಸಿಕ್ಕರೆ ಗುಜರಿಯವರಿಗೆ ಕೊಡೋ ಮುಂಚೆ ಪುಟ ತಿರುವಿ ಹಾಕಿ. ಕೈಯಲ್ಲಿ ಹೊಲಿದ ಕಾದಂಬರಿ ಸಿಕ್ಕರೆ ಮಾತ್ರ ಬೆಲೆ ಕೇಳೋಕೆ ನನಗೆ ಮೆಸೇಜ್ ಮಾಡಬೇಡಿ. ಅದನ್ನು ಹೊಲಿದವರು ಮನೆಯಲ್ಲೇ ಇದ್ದರೆ, ಪಕ್ಕದಲ್ಲಿ ಕೂತು ಯಾವ ವರ್ಷ, ಯಾವ ಕಥೆ, ಯಾರ ಮನೆಯಿಂದ ಪತ್ರಿಕೆ ಇಸ್ಕೊಂಡು ಬರ್ತಿದ್ದಿರಿ ಅಂತ ಕೇಳಿ. ಕೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು ಅದೇ ಪುಸ್ತಕದೊಳಗೆ ಇಟ್ಟುಬಿಡಿ.