‘ನಾವು’ ಎಂದು ಬರೆದ ಕ್ಯಾಸೆಟ್ಟುಗಳು

ಕಳೆದ ದೀಪಾವಳಿಯ ಹಿಂದಿನ ವಾರ ನನ್ನ ವಿದ್ಯಾರ್ಥಿಯೊಬ್ಬ ಸಿರುಗುಪ್ಪದಿಂದ ಬರುವಾಗ ಒಂದು ರಟ್ಟಿನ ಪೆಟ್ಟಿಗೆಯನ್ನು ಹೊತ್ತು ತಂದು ಬಳ್ಳಾರಿಯ ನಮ್ಮ ಮನೆಯ ಜಗಲಿಯ ಮೇಲಿಟ್ಟ. “ಸುಣ್ಣ ಬಳಿಯೋರು ಅಟ್ಟದಿಂದ ಇಳಿಸಿದರು ಸಾರ್. ನಮ್ಮ ತಾತನವು. ಅಪ್ಪ ಗುಜರಿಗೆ ಹಾಕು ಅಂದರು. ನೀವು ಒಂದು ಸಲ ನೋಡಿದ ಮೇಲೆ ಹಾಕೋಣ ಅಂತ ತಂದೆ” ಎಂದ. ಪೆಟ್ಟಿಗೆಯೊಳಗೆ ಮೂವತ್ತೊಂದು ಕ್ಯಾಸೆಟ್ಟುಗಳಿದ್ದವು. ಅಕ್ಕಿ ಗಿರಣಿಯ ಲೆಕ್ಕದ ಪುಸ್ತಕದಿಂದ ಹರಿದ ಹಾಳೆಗಳನ್ನು ಅಳತೆಗೆ ಕತ್ತರಿಸಿ, ಒಂದೊಂದರ ಮೇಲೂ ಗುಂಡಗಿನ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದರು: ‘ಮನ್ಸೂರರು – ಧಾರವಾಡ ರೇಡಿಯೋ’, ‘ರಾಜಗುರು’, ‘ಜಂಬಲದಿನ್ನಿ – ವಚನ’, ‘ನಾಟಕದ ಪದ್ಯ – ತೆಲುಗು’. ಒಂಬತ್ತು ಕ್ಯಾಸೆಟ್ಟುಗಳ ಮೇಲೆ ಮಾತ್ರ ಬೇರೆ ಏನೂ ಇಲ್ಲದೆ ‘ನಾವು’ ಎಂದಷ್ಟೇ ಇತ್ತು.

ರಾಜಗುರುಗಳನ್ನೂ ಮನ್ಸೂರರನ್ನೂ ಬೇರೆಡೆ ಕೇಳಬಹುದು. ಈ ‘ನಾವು’ ಯಾರು ಎಂಬ ಕುತೂಹಲದಿಂದ ನಾನು ಮೊದಲು ಆ ಒಂಬತ್ತರಲ್ಲಿ ಒಂದನ್ನು ಯಂತ್ರಕ್ಕೆ ಹಾಕಿದೆ. ಟಕ್ಕೆಂಬ ಸದ್ದು, ಒಂದು ಕೆಮ್ಮು, ಅನಂತರ ಸಭಾಧ್ಯಕ್ಷರ ಗಾಂಭೀರ್ಯದ ದನಿಯೊಂದು ತಾರೀಖನ್ನೂ ವಾರವನ್ನೂ 1979ನೆಯ ಇಸವಿಯನ್ನೂ ಹೇಳಿ, ಹಾಡುವವರು, ಪೇಟಿ ನುಡಿಸುವವರು, ತಬಲ ಬಾರಿಸುವವರು ಇವರ ಹೆಸರುಗಳನ್ನು ಸಾರಿತು. ಹಾಡುವವರು ನನ್ನ ವಿದ್ಯಾರ್ಥಿಯ ತಾತ, ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಪೇಟಿಯವರು ಕುರುಗೋಡಿನ ಶಾಲಾ ಮೇಷ್ಟ್ರು. ತಬಲದವರಿಗೆ ಸಿರುಗುಪ್ಪದಲ್ಲೇ ಸೈಕಲ್ ರಿಪೇರಿಯ ಅಂಗಡಿ. ಹೆಸರು ಸಾರಿದವರು ಬಳ್ಳಾರಿಯ ಕಚೇರಿಯೊಂದರ ಗುಮಾಸ್ತರು. ಅವರಿಗೆ ಹಾಡು ಬಾರದು, ಆದರೆ ಟೇಪ್ ರೆಕಾರ್ಡರು ಅವರದು. ತಿಂಗಳಿಗೊಂದು ಭಾನುವಾರ ಅವರು ಅದನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರಂತೆ.

ಹೆಸರು ಸಾರುವ ಈ ಪದ್ಧತಿಯನ್ನು ಅವರು ಎಲ್ಲಿಂದ ಕಲಿತರೋ ತಿಳಿಯದು. ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಇರಬಹುದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ತಮ್ಮ ಹಾಡನ್ನು ಮುಗಿಸಿ, ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳಿದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾರ ದನಿ ಯಾವುದೆಂಬುದು ತಿಳಿಯಬೇಕಾಗಿತ್ತು. ಸಿರುಗುಪ್ಪದ ಈ ನಾಲ್ವರ ಧ್ವನಿಮುದ್ರಣ ಆ ಬೀದಿಯನ್ನು ದಾಟುವಂತಿರಲಿಲ್ಲ. ಆದರೂ ಹೆಸರು ಹೇಳಿದರು. ನಲವತ್ತೈದು ವರ್ಷಗಳ ಮೇಲೆ ಕೇಳಿದ ನಮಗೆ ಅದರಿಂದ ಉಪಕಾರವೇ ಆಯಿತು.

ಹಾಡಿಕೆಯ ವಿಷಯ ಹೇಳಬೇಕಲ್ಲವೇ? ಸಂಗೀತ ಶಾಸ್ತ್ರವನ್ನು ನಾನು ಓದಿದವನಲ್ಲ. ಆದರೂ ತಾತನವರು ದೊಡ್ಡ ಗಾಯಕರಲ್ಲ ಎಂಬುದನ್ನು ತಿಳಿಯಲು ಪಾಂಡಿತ್ಯ ಬೇಕಾಗಿಲ್ಲ. ಮೇಲಿನ ಷಡ್ಜಕ್ಕೆ ಹೋಗುವಾಗ ಅವರ ದನಿ ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತವನಂತೆ ನಡುಗುತ್ತದೆ. ಆದರೆ ಆ ಕ್ಯಾಸೆಟ್ಟಿನ ಸ್ವಾರಸ್ಯ ಹಾಡಿನಲ್ಲಿರುವಷ್ಟೇ ಹಾಡುಗಳ ನಡುವಣ ಮಾತಿನಲ್ಲಿದೆ. ಮೊದಲು ರೇಡಿಯೋದಿಂದ ಮುದ್ರಿಸಿಕೊಂಡ ಮನ್ಸೂರರ ಒಂದು ಆಲಾಪವನ್ನು ಕೇಳುತ್ತಾರೆ. ಅದರಲ್ಲೊಂದು ತಿರುವು. ಅದು ಹೇಗೆ ಬಂದಿತೆಂದು ನಾಲ್ವರಿಗೂ ವಾದ. ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳುತ್ತಾರೆ. ಮೇಷ್ಟ್ರು ಪೇಟಿಯ ಮೇಲೆ ಹುಡುಕುತ್ತಾರೆ. ತಾತನವರು ನಾಲ್ಕು ಸಲ ತಪ್ಪಿ, ಐದನೆಯ ಸಲವೂ ತಪ್ಪಿ, “ಬಿಡ್ರಿ ಮೇಷ್ಟ್ರೇ, ಅದು ಅವರಿಗೇ ಇರಲಿ” ಎನ್ನುತ್ತಾರೆ. ಆಮೇಲೆ ನಾಲ್ವರ ನಗು. ಇಂಥ ನಗುವನ್ನು ನಾನು ಯಾವ ಕಂಪನಿಯ ಧ್ವನಿಮುದ್ರಿಕೆಯಲ್ಲಿಯೂ ಕೇಳಿಲ್ಲ.

ಅವರ ಮೆಚ್ಚಿಕೆಯ ಸಂಗೀತದ ಪಟ್ಟಿಯನ್ನು ನೋಡಿದರೆ ನಮ್ಮ ಸೀಮೆಯ ಭೂಪಟವನ್ನೇ ನೋಡಿದಂತಾಗುತ್ತದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿದ್ದ ಜಿಲ್ಲೆ. ಅಂದು ಸಿರುಗುಪ್ಪ ಮೈಸೂರಿಗೆ ಬಂದಿತು. ನೆರೆಯ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪದಿಂದ ತುಂಗಭದ್ರೆಯನ್ನು ದಾಟಿದರೆ ಸಿಂಧನೂರಿನ ಸೀಮೆ. ಅದು ಆಗ ಹೈದರಾಬಾದಿನದು. ಹೀಗಾಗಿ ಒಂದೇ ಮನೆಯಲ್ಲಿ ಮದರಾಸಿನ ಕೀರ್ತನೆ, ಧಾರವಾಡದ ಖ್ಯಾಲು, ತೆಲುಗು ನಾಟಕದ ಪದ್ಯ, ರಾಯಚೂರು ಕಡೆಯ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಎಲ್ಲವೂ ನೆಂಟರಂತೆ ಬಂದು ಕುಳಿತಿದ್ದವು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಆರಂಭವಾದ ಮೇಲೆ ಖ್ಯಾಲಿನ ತೂಕ ಹೆಚ್ಚಿತೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ನಮ್ಮ ನಾಲ್ವರಲ್ಲಿ ಗುಮಾಸ್ತರು ತೆಲುಗು ಪದ್ಯದ ಪಕ್ಷ. ಉಳಿದ ಮೂವರು ಧಾರವಾಡದ ಪಕ್ಷ. ಈ ಜಗಳ ಒಂಬತ್ತು ಕ್ಯಾಸೆಟ್ಟುಗಳಲ್ಲಿಯೂ ಮುಗಿದಿಲ್ಲ.

ಯಂತ್ರದಿಂದ ಸಂಗೀತ ಕಲಿಯುವುದು ಇವರಿಂದಲೇ ಆರಂಭವಾದುದಲ್ಲ. ಬಾಲಕ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಜೋಟಿ ಠುಮರಿಯ ತಟ್ಟೆಯನ್ನು ಕೇಳಿ ಮನಸೋತ ಕಥೆ ಎಲ್ಲರಿಗೂ ತಿಳಿದದ್ದು. ಕುಮಾರ ಗಂಧರ್ವರು ಎಳೆಯ ವಯಸ್ಸಿನಲ್ಲಿಯೇ ತಟ್ಟೆಗಳ ಹಾಡನ್ನು ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದರು. ಆದರೆ ತಟ್ಟೆ ಹಾಡುತ್ತಿತ್ತು; ಕೇಳುವವನು ಕೇಳುತ್ತಿದ್ದ. ಅದರ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಅಷ್ಟರಲ್ಲಿ ರಾಗ ಬಂದು ನಮಸ್ಕಾರ ಹೇಳಿ ಹೋಗಬೇಕು. 1963ರಲ್ಲಿ ಫಿಲಿಪ್ಸ್ ಕಂಪನಿಯವರು ಬರ್ಲಿನ್ನಿನ ಪ್ರದರ್ಶನದಲ್ಲಿ ಕ್ಯಾಸೆಟ್ಟನ್ನು ಹೊರತಂದಾಗ, ಅದು ಮುಖ್ಯವಾಗಿ ಮಾತನ್ನು ಹಿಡಿದಿಡುವ ಸಾಧನವೆಂಬ ಎಣಿಕೆಯಿತ್ತು. ಆ ಸಣ್ಣ ಪೆಟ್ಟಿಗೆಯ ಒಂದು ಮಗ್ಗುಲಿಗೆ ಮೂವತ್ತು ಅಥವಾ ನಲವತ್ತೈದು ನಿಮಿಷ. ಮೇಲಾಗಿ ಕೇಳುವವನೇ ಕೆಂಪು ಗುಂಡಿಯನ್ನೊತ್ತಿ ಹಾಡಬಹುದು. ಮನೆಯ ಹವ್ಯಾಸಿಗೆ ಇದಕ್ಕಿಂತ ದೊಡ್ಡ ವರವೇನು?

ಪೇಟಿಯ ಮೇಷ್ಟ್ರಿಗಂತೂ ಇದು ವಿಶೇಷ ವರ. ಆಕಾಶವಾಣಿ 1940ರ ಮಾರ್ಚಿಯಲ್ಲಿ ಹಾರ್ಮೋನಿಯಮ್ಮನ್ನು ತನ್ನ ಬಾಗಿಲಿನಿಂದ ಹೊರಗಿಟ್ಟಿತು. ಅದರ ಸ್ವರಗಳು ಕೀಲಿಗೆ ಕಟ್ಟುಬಿದ್ದವು, ಮೀಂಡು ಬಾರದು, ಶ್ರುತಿ ನಮ್ಮದಲ್ಲ ಎಂಬ ಆಕ್ಷೇಪಣೆಗಳಿದ್ದವು. ಸ್ವತಃ ರವೀಂದ್ರನಾಥ ಠಾಕೂರರೂ ಅದರ ವಿರೋಧಿಗಳು. 1971ರಲ್ಲಿ ಈ ನಿಷೇಧ ಭಾಗಶಃ ಸಡಿಲವಾಯಿತು. ಆದರೆ ಈ ಮೂವತ್ತು ವರ್ಷಗಳಲ್ಲಿಯೂ ನಮ್ಮ ಕಡೆಯ ಭಜನೆ, ಬಯಲಾಟ, ಕಂಪನಿ ನಾಟಕ ಒಂದೂ ಪೇಟಿಯಿಲ್ಲದೆ ನಡೆಯಲಿಲ್ಲ. ಶಾಸ್ತ್ರದ ಆಕ್ಷೇಪಣೆ ಸುಳ್ಳಲ್ಲವೆಂದು ಒಪ್ಪುತ್ತೇನೆ. ಆದರೆ ಹೊಗೆ ಹಿಡಿದ ಪಡಸಾಲೆಯಲ್ಲಿ ಹಾಡಲು ಕುಳಿತವನಿಗೆ, ಬಿಟ್ಟುಹೋದ ದನಿಯನ್ನು ಕೈಹಿಡಿದು ಎತ್ತುವ ಸ್ನೇಹಿತ ಅದೊಂದೇ.

ಹವ್ಯಾಸವೆಂಬುದು ಬಳ್ಳಾರಿಯ ನೆಲದಲ್ಲಿ ಹೊಸದಲ್ಲ. ಸರಸ ವಿನೋದಿನಿ ಸಭೆಯನ್ನೂ ಸುಮನೋರಮ ಸಭೆಯನ್ನೂ ಕಟ್ಟಿದವರು ಹೊಟ್ಟೆಪಾಡಿಗೆ ನಾಟಕವಾಡಿದವರಲ್ಲ. ಬಳ್ಳಾರಿ ರಾಘವರ ವೃತ್ತಿ ವಕೀಲಿ. ರಾಘವರು 1939ರ ‘ರೈತು ಬಿಡ್ಡ’ ಚಿತ್ರದಲ್ಲಿಯೂ ಅಭಿನಯಿಸಿದರು. ಅವರು ತೀರಿಕೊಂಡದ್ದು 1946ರಲ್ಲಿ. ಆದರೆ ಮನೆಯಲ್ಲಿ ಸ್ನೇಹಿತರ ನಡುವೆ ಅವರು ಒಂದು ಮಾತನ್ನು ಮೂರು ರೀತಿಯಲ್ಲಿ ಹೇಳಿ ನೋಡಿರಬಹುದಾದ ಸಂಜೆಗಳು ಯಾವ ಪೆಟ್ಟಿಗೆಯಲ್ಲಿಯೂ ಇಲ್ಲ. ಆಗ ಅಂಥ ಪೆಟ್ಟಿಗೆ ಮನೆಗಳಿಗೆ ಬಂದಿರಲಿಲ್ಲ. ಇನ್ನೂ ಹಿಂದೆ ಹೋಗುವವರು ಸಂಗನಕಲ್ಲಿನ ಹಿರೇಗುಡ್ಡಕ್ಕೆ ಹೋಗಬಹುದು. ಅಲ್ಲಿಯ ಕರಿಯ ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಜಾಗಟೆಯಂತೆ ದನಿ ಕೊಡುತ್ತವೆ. 1892ರಲ್ಲಿ ಫಾಸೆಟ್ ಎಂಬವರು ಅಲ್ಲಿಯ ಬಂಡೆಯ ಚಿತ್ರಗಳ ಕುರಿತು ಬರೆದರು. ನವಶಿಲಾಯುಗದ ಜನ ತಟ್ಟಿ ತಟ್ಟಿ ಸವೆದ ಕುಳಿಗಳು ಇನ್ನೂ ಇವೆ. ಯಾವ ತಾಳದಲ್ಲಿ ತಟ್ಟಿದರೆಂಬುದು ಮಾತ್ರ ಹೋಯಿತು.

ಪೆಟ್ಟಿಗೆಗೆ ಮರಳೋಣ. ಆರನೆಯ ‘ನಾವು’ ಕ್ಯಾಸೆಟ್ಟಿನ ಎರಡನೆಯ ಮಗ್ಗುಲಿನ ಕೊನೆಯಲ್ಲಿ, “ಬಸ್ಸು ಬಂತು, ಬಸ್ಸು ಬಂತು” ಎಂಬ ಗದ್ದಲವಾಗಿ ಗಂಡಸರೆಲ್ಲ ಎದ್ದುಹೋದ ಸದ್ದು ಕೇಳಿಸುತ್ತದೆ. ಯಂತ್ರವನ್ನು ನಿಲ್ಲಿಸಲು ಮರೆತರೋ, ಬೇಕೆಂದೇ ಬಿಟ್ಟರೋ ಹೇಳಲಾರೆ. ಎರಡು ನಿಮಿಷ ಬರಿಯ ಮನೆಯ ಸದ್ದು. ಲೋಟಗಳನ್ನು ಎತ್ತಿಡುವ ಸದ್ದು. ಆಮೇಲೆ ಒಂದು ಹೆಣ್ಣುದನಿ, ಮೊದಲು ಗುನುಗುತ್ತಾ, ಬರಬರುತ್ತಾ ಬಾಯ್ತುಂಬ, ಒಂದು ಸೋಬಾನೆಯ ಪದವನ್ನು ಹಾಡುತ್ತದೆ. ಅದುವರೆಗೆ ಎಂಟು ಹತ್ತು ಗಂಟೆಗಳ ಮುದ್ರಣದಲ್ಲಿ ಆ ದನಿ “ಚಾ ತರಲೇನ್ರಿ?” ಎಂದು ಕೇಳಿದ್ದೇ ಹೊರತು ಬೇರೆ ಮಾತಾಡಿರಲಿಲ್ಲ. ಶ್ರುತಿ ತಾತನವರದಕ್ಕಿಂತ ಎಷ್ಟೋ ಶುದ್ಧ. ಹುಡುಗ ತಲೆ ತಗ್ಗಿಸಿ ಕೇಳುತ್ತಿದ್ದವನು, “ನಮ್ಮ ಅಜ್ಜಿ ಸಾರ್. ಅವರು ಹಾಡ್ತಿದ್ದರು ಅಂತ ನನಗೆ ಗೊತ್ತೇ ಇರಲಿಲ್ಲ” ಎಂದ. ಟೇಪು ಮುಗಿದು ಪದ ನಡುವೆಯೇ ನಿಂತಿತು.

ನಾನು ಎದ್ದು ಒಳಗೆ ಹೋದೆ. ಕಾರಣವನ್ನು ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ತಾಯಿಯೂ ಹಾಡುತ್ತಿದ್ದರು. ನಮ್ಮ ತಂದೆ ಅದನ್ನು ಒಂದು ಕ್ಯಾಸೆಟ್ಟಿನಲ್ಲಿ ಮುದ್ರಿಸಿ, ಯಾರೂ ಅಳಿಸಬಾರದೆಂದು ಅದರ ಹಿಂಬದಿಯ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದಿದ್ದರು; ಅವನ್ನು ಮುರಿದರೆ ಮುದ್ರಣದ ಗುಂಡಿ ಒತ್ತಲಾಗದು. ಆ ತೂತಿನ ಮೇಲೆ ಕಾಗದ ಅಂಟಿಸಿದರೆ ಮತ್ತೆ ಒತ್ತಬಹುದೆಂಬ ವಿದ್ಯೆಯನ್ನು ನಾನು ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರಿಂದ ಕಲಿತಿದ್ದೆ. ಹೊಸ ಕ್ಯಾಸೆಟ್ಟಿಗೆ ಹಣವಿರಲಿಲ್ಲ. ಅದರ ಮೇಲೆ ನಾನು ಮುದ್ರಿಸಿಕೊಂಡ ಚಿತ್ರಗೀತೆಗಳು ಇಂದು ಯಾರ ಫೋನಿನಲ್ಲಾದರೂ ಸಿಗುತ್ತವೆ. ತಾಯಿ ತಿಳಿದೂ ಏನೂ ಅನ್ನಲಿಲ್ಲ. ತಂದೆ ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ.

ಆದಕಾರಣ ಈ ಪೆಟ್ಟಿಗೆಯ ವಿಷಯದಲ್ಲಿ ನಾನು ಮೇಷ್ಟ್ರತನವನ್ನು ತುಸು ಹೆಚ್ಚಾಗಿಯೇ ನಡೆಸಿದೆ. ಅಟ್ಟದ ಕಾವಿನಲ್ಲಿ ಬಹುಕಾಲವಿದ್ದ ಟೇಪನ್ನು ನೇರವಾಗಿ ನುಡಿಸಬಾರದು. ಮೊದಲು ಬೆರಳಿನಿಂದ ಗಾಲಿಯನ್ನು ತಿರುಗಿಸಿ ಸಡಿಲವಾಗಿದೆಯೇ ನೋಡಬೇಕು. ಬಿಳಿಯ ಬೂಷ್ಟು ಕಂಡುದನ್ನು ಬೇರೆಯಿಡಬೇಕು. ಟೇಪನ್ನು ಒತ್ತಿ ಹಿಡಿಯುವ ಸಣ್ಣ ಬಟ್ಟೆಯ ತುಂಡು ಉದುರಿದ್ದರೆ, ಸುರುಳಿಯನ್ನು ಬೇರೊಂದು ಚಿಪ್ಪಿಗೆ ಹಾಕಬೇಕು. ಇವೆಲ್ಲ ಆದ ಮೇಲೆ ಒಂದು ತಂತಿಯಿಂದ ಗಣಕಯಂತ್ರಕ್ಕೆ ಇಳಿಸಿದೆವು. ಒಂದು ಕ್ಯಾಸೆಟ್ಟಿನಲ್ಲಿ ತಾತನವರ ದನಿ ಹುಡುಗನ ದನಿಯಂತಿತ್ತು. ಆ ಭಾನುವಾರ ಕರೆಂಟು ಹೋಗಿ, ಸೋತ ಸೆಲ್ಲಿನ ಮೇಲೆ ಯಂತ್ರ ನಿಧಾನವಾಗಿ ಓಡಿರಬೇಕು; ಈಗ ಸರಿಯಾದ ವೇಗದಲ್ಲಿ ನುಡಿಸಿದರೆ, ಕಪ್ಪು ಒಂದರಲ್ಲಿ ಹಾಡಿದ್ದು ಬಿಳಿ ಎರಡಕ್ಕೆ ಏರುತ್ತದೆ. ಮೂವತ್ತೊಂದರಲ್ಲಿ ಐದು ನಮ್ಮ ಕೈಗೆ ಬರಲೇ ಇಲ್ಲ. ಅವುಗಳಲ್ಲಿ ಎರಡು ‘ನಾವು’.

ನಾಲ್ವರಲ್ಲಿ ಈಗ ಉಳಿದವರು ಕುರುಗೋಡಿನ ಮೇಷ್ಟ್ರೊಬ್ಬರೇ, ಎಂಬತ್ತು ದಾಟಿದ್ದಾರೆ. ದೊಡ್ಡ ಬಸವೇಶ್ವರನ ಗುಡಿಯಿಂದ ತುಸು ದೂರದಲ್ಲಿ ಮನೆ. ಹುಡುಗನೂ ನಾನೂ ಹೋಗಿ ಫೋನನ್ನು ಅವರ ಕಿವಿಯ ಬಳಿ ಹಿಡಿದು ಮೊದಲ ಕ್ಯಾಸೆಟ್ಟಿನ ಹಾಡನ್ನು ಕೇಳಿಸಿದೆವು. ಅಳುವರೇನೋ ಎಂದು ನಾನು ಅಂಜಿದ್ದೆ. ಅವರು ಕಣ್ಣು ಮುಚ್ಚಿ ಮುಕ್ಕಾಲು ಪಾಲು ಕೇಳಿ, ಹುಬ್ಬು ಗಂಟಿಕ್ಕಿ, “ತಬಲ ಶ್ರುತಿಗೆ ಬಂದಿಲ್ಲ. ನಾನು ಅವತ್ತೇ ಹೇಳಿದ್ದೆ. ನನ್ನ ಮಾತು ಯಾರು ಕೇಳ್ತಾರೆ?” ಎಂದರು. ಬಳಿಕ ಹುಡುಗನ ಕಡೆ ತಿರುಗಿ, “ನಿಮ್ಮ ಅಜ್ಜಿದು ಏನಾದರೂ ಐತೇನಪ್ಪ ಇದರಾಗ?” ಎಂದು ಕೇಳಿದರು. ಅವನು ಐತೆಂದ. “ಹಂಗಾದರೆ ಅದನ್ನು ಹಾಕು” ಎಂದರು.

ಹೊರಡುವಾಗ ಅವರ ಸೊಸೆ ಬಾಗಿಲಿನವರೆಗೆ ಬಂದು, ತಮ್ಮ ಮನೆಯ ಅಟ್ಟದ ಮೇಲೆಯೂ ಇಂಥವೇ ಎರಡು ಡಬ್ಬಿಗಳಿವೆ, ಹತ್ತುವವರಿಲ್ಲವೆಂದು ಹೇಳಿದರು. ಬರುವ ಭಾನುವಾರ ಹುಡುಗ ಏಣಿ ತರುತ್ತಾನಂತೆ.